ಗೋವಿನಜೋಳ

ಸಪ್ತಾಪುರದ ಖೋಲಿಯೊಳಗ ಒಂದ ಟೇಬಲ್ಲು.
ಮೆಹಜಬೀನಳದು ಸ್ಪ್ಯಾನಿಷ್ ಎಂ.ಎ.,
ನನ್ನ ಓದೆಲ್ಲ ಎಮ್ಮಿ ಸಲುವಾಗಿ:
ಎಷ್ಟು ಹಿಂಡಿ, ಎಷ್ಟು ತೌಡು, ಎಷ್ಟು ಕಾಕಂಬಿ.

ಇವತ್ತ ಗಿರಣಿ ಕೆಟ್ಟಿತ್ತು.
ಗೋವಿನಜೋಳದ ಧೂಳು ರೆಪ್ಪಿಗೆ ಹತ್ತಿಸಿಕೊಂಡು
ರಾತ್ರಿ ಎಂಟಕ್ಕ ಬಂದೆ.

ಅಕಿ ಪುಸ್ತಕದಿಂದ ತಲಿ ಎತ್ತಲಿಲ್ಲ.
"ಕೇಳಿಲ್ಲೆ, ಆ ದೇಶದಾಗ ದೇವರು
ಮೊದಲ ಮಣ್ಣಿನ ಮನುಷ್ಯಾನ್ನ ಮಾಡಿದ್ರಂತ, ಕರಗಿದ.
ಕಟಗೀದು ಮಾಡಿದ್ರು, ಮನಸಿರಲಿಲ್ಲ.
ಕಡೀಕ ಮಾಯಿಸ್ ಹಿಟ್ಟು ನಾದಿದ್ರು.
ಅವರ ಪೈಕಿ ನಾವೆಲ್ಲ."

"ಮಾಯಿಸ್ ಅಂದ್ರ?"

ನನ್ನ ತೋಳಿನ ಮ್ಯಾಲ ಬೆರಳಾಡಿಸಿ
ಹಳದಿ ಹಿಟ್ಟು ತೋರಿಸಿದಳು.

ನಾವು ಅದಕ್ಕ ಆಕಳ ಹೆಸರಿಟ್ಟು
ಗ್ವಾದಲಿಗೆ ಸುರುವಿದವರು.

ಬಚ್ಚಲದಾಗ ತಂಬಿಗಿ ಎತ್ತಿದೆ.
ಮೊದಲನೆಯವ ಕರಗಿದ್ದು ನೆನಪಾಗಿ
ಒಂಚೂರು ತಡದೆ.