ಗಾಡಿ ಈಚೆ, ಬೆಂಚು ಆಚೆ

ನನ್ನ ಲಿಂಬೆ ಸೋಡದ ಗಾಡಿ ತಲಪಾಡಿಯಲ್ಲಿ,
ಗಡಿಯಿಂದ ಹನ್ನೊಂದು ಹೆಜ್ಜೆ ಈಚೆ.
ಗಡಿ ಎಂದರೆ ಎಂತ? ಒಂದು ಬೋರ್ಡು,
ಎರಡೂ ಕಡೆ ಬೇರಿಳಿಸಿದ ಒಂದು ಹಲಸು.
ಹಣ್ಣು ಯಾವ ರಾಜ್ಯದ್ದೆಂದು
ಮರವನ್ನು ಯಾರೂ ಕೇಳಿದ್ದಿಲ್ಲ.

ಆ ವರ್ಷ ಪಣದ ಆಟಕ್ಕೆ ಕಾಯಿದೆ ಬಂತು.
ಫೋನುಗಳಲ್ಲೆಲ್ಲ ಒಂದೇ ಸಾಲು:
‘ನಿಮ್ಮ ರಾಜ್ಯದಲ್ಲಿ ಈ ಆಟ ಲಭ್ಯವಿಲ್ಲ.’
ಲಾಠಿಯಿಲ್ಲ, ಸಮನ್ಸಿಲ್ಲ;
ಮೇಲೆಲ್ಲೋ ಸುತ್ತುವ ಉಪಗ್ರಹ
ನಮ್ಮೂರಿನ ಪೇದೆಯಾಯಿತು.

ಸಂಜೆ ಆರಕ್ಕೆ ಮಂಗಳೂರಿನಿಂದ ಬೈಕುಗಳು.
ವೆಲ್ಡಿಂಗಿನ ಲ್ಯಾನ್ಸಿ, ಐಸ್ ಪ್ಲಾಂಟಿನ ನೌಫಲ್,
ಸೊಸೈಟಿಯ ಕ್ಯಾಶಿಯರ್ ಪುರಂದರಣ್ಣ.
ಬಾವಿಗೆ ಜಾಗ ನೋಡುವವರು
ಅಂಗೈಲಿ ತೆಂಗಿನಕಾಯಿ ಹಿಡಿದ ಹಾಗೆ
ಫೋನು ಹಿಡಿದು ಮೆಲ್ಲ ನಡೆಯುವರು,
ನೀಲಿ ಚುಕ್ಕಿ ಗೆರೆ ದಾಟುವವರೆಗೆ.
‘ಬಂತು, ಬಂತು!’
ಮತ್ತೆ ಅಲ್ಲಿಂದ ಅಲುಗುವುದಿಲ್ಲ.
ಒಂದು ಕಾಲು ಹಿಂದಿಟ್ಟರೆ ಕೈಲಿದ್ದ ಎಲೆ ಮಾಯ.

ನಾನು ಎರಡು ಬೆಂಚು ಮಾಡಿಸಿದೆ.
ಗಾಡಿ ಕರ್ನಾಟಕದಲ್ಲಿ, ಬೆಂಚು ಕೇರಳದಲ್ಲಿ.
ಸುಳ್ಳು ಯಾಕೆ, ಮಗಳ ಕಾಲೇಜು ಫೀಸು
ಆ ಕಾಯಿದೆಯೇ ಕಟ್ಟಿದ್ದು.

ಅಪ್ಪನ ಕಾಲದಲ್ಲಿ ಕೋಳಿ ಅಂಕಕ್ಕೆ ದಾಳಿಯಾದರೆ
ಕೋಳಿಯೂ ಮುದ್ದೆಮಾಲು.
ಠಾಣೆಯ ಕಂಬದಲ್ಲಿ ಕಟ್ಟಿಸಿಕೊಂಡು
ಬೆಳಗಿನ ಜಾವ ಇನ್‌ಸ್ಪೆಕ್ಟರನ್ನೇ ಎಬ್ಬಿಸುತ್ತಿತ್ತು.
ಈ ಆಟವನ್ನು ಯಾವ ಕಂಬಕ್ಕೆ ಕಟ್ಟುವುದು?

ಆಮೇಲೆ ಕೋರ್ಟು ಕಾಯಿದೆಯನ್ನು ತೆಗೆದುಹಾಕಿತಂತೆ.
ಆರಾಯಿತು, ಏಳಾಯಿತು.
ಬೆಂಚಿನ ಮೇಲೆ ಹಲಸಿನ ಎಲೆ ಮಾತ್ರ.

ಮೂರನೇ ದಿನ ಪುರಂದರಣ್ಣ ಬಂದರು,
ಹೆಲ್ಮೆಟ್ಟು ತೆಗೆಯದೆ ಕೂತರು.
‘ಈಗ ಮನೆಯಲ್ಲೇ ಆಗ್ತದಲ್ಲ?’ ಎಂದೆ.
‘ಆಗ್ತದೆ ಜಲಜಕ್ಕ. ಹಾಸಿಗೆಯಲ್ಲೂ ಆಗ್ತದೆ,
ಹೆಂಡತಿ ಮಲಗಿದ ಮೇಲೆ, ಚಾದರದೊಳಗೆ.
ಮೊದಲಾದರೆ ಇಷ್ಟು ದೂರ ಬರಬೇಕಿತ್ತು.
ಕೋಟೆಕಾರಿನ ಹತ್ತಿರ ನಾಚಿಕೆಯಾಗಿ
ಎಷ್ಟೋ ಸಲ ಬೈಕು ತಿರುಗಿಸಿದ್ದುಂಟು.’

ಸ್ವಲ್ಪ ಹೊತ್ತು ಲಾರಿಗಳನ್ನು ನೋಡಿದರು.
ಆಮೇಲೆ ಫೋನು ನನ್ನ ಕೈಗಿಟ್ಟು,
‘ಒಂಬತ್ತರವರೆಗೆ ಇಟ್ಟುಕೊಳ್ಳಿ,
ಕೇಳಿದರೂ ಕೊಡಬೇಡಿ.’

ಚಿಲ್ಲರೆ ಡಬ್ಬಿಯೊಳಗೆ ಹಾಕಿದೆ.
ನಾಣ್ಯಗಳ ನಡುವೆ ಗುಂಯ್ ಗುಂಯ್ ಎಂದು
ಕರೆಯುತ್ತಲೇ ಇತ್ತು.
ಲಿಂಬೆ ಹಿಂಡಿ, ಉಪ್ಪು ಹಾಕಿ ಕೊಟ್ಟೆ.
ಕುಡಿದು ಎದ್ದು ಕಿಸೆ ತಡಕಿದರು.
ದುಡ್ಡು ಕೊಡಲಿಕ್ಕೂ ಫೋನೇ ಬೇಕಿತ್ತು.

‘ನಾಳೆ ಕೊಡಿ,’ ಎಂದೆ.