ಮಾರು

ಮಾರ್ಚ್ ತಿಂಗಳ ಕೊನೆಯ ಶನಿವಾರ.
ಮಾಕ್ಸೀ ಊರಾಚೆ, ನಮ್ಮ ಶೀತಲ ಕೋಣೆಯ ಬಾಗಿಲು ತೆಗೆದು
ಒದ್ದೆ ಮರದ ಹೊಟ್ಟಿನಲ್ಲಿ ಮಲಗಿದ್ದವನ್ನು
ಮೇಜಿಗೆ ತಂದು ಹರಡಿದೆ.
ಹಾಪ್ ಬಳ್ಳಿಯ ಬೇರುತುಂಡು, ಗೇಣುದ್ದ, ಆರು ಡಾಲರು.
ಮಣ್ಣು ಮೆತ್ತಿದ ಬುಡಗಡ್ಡೆ ಬೇಕಾದರೆ ಹದಿನೆಂಟು.
ನೋಡಲು ಏನೂ ಇಲ್ಲ,
ಯಾರೋ ಗೋಡೆಯಿಂದ ಕಿತ್ತೆಸೆದ ಹಳೆ ವೈರಿನ ಚೂರಿನ ಹಾಗೆ.

ಬಂದವರು ಬಗೆಬಗೆ.
ಈ ವರ್ಷವೇ ಬಿಯರಿಗಾಗುತ್ತದಾ ಅಂತ ಒಬ್ಬ.
ಆಗಲ್ಲಪ್ಪ, ಮೊದಲ ವರ್ಷ ಅದು ಮಣ್ಣೊಳಗೇ ಸಂಸಾರ ಹೂಡುತ್ತದೆ.
ಗಂಡೊಂದು ಹೆಣ್ಣೊಂದು ಕೊಡಿ, ಜೋಡಿಯಿರಲಿ, ಅಂತ ಇನ್ನೊಬ್ಬ.
ಇಲ್ಲಿರೋದೆಲ್ಲ ಹೆಣ್ಣೇ ಸ್ವಾಮಿ,
ಗಂಡು ಕಂಡರೆ ಬುಡಸಮೇತ ಕಿತ್ತು ಸುಡುತ್ತೇವೆ.
ಅವನು ನಕ್ಕ. ಅವನ ಹೆಂಡತಿ
ಅವನಿಗಿಂತ ಜೋರಾಗಿ ನಕ್ಕು ಮೂರು ಕೊಂಡಳು.

ಆಮೇಲೆ ಬಂದ ಮುದುಕ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.
ಕ್ಲಸ್ಟರ್ ಇದೆಯಾ, ಅಂದ.
ಈಗ ಯಾರೂ ಕೇಳದ ತಳಿ. ಪೆಟ್ಟಿಗೆಯ ತಳದಲ್ಲಿ ನಾಲ್ಕಾರು ಇದ್ದವು.
ನಾನು ಬಾಯಿಪಾಠ ಒಪ್ಪಿಸಿದೆ:
ಕಣ್ಣು ಮೇಲೆ ಮಾಡಿ ನೆಡಿ, ಮೂರು ಬೆರಳು ಆಳ ಸಾಕು,
ಬಿಸಿಲಿರಲಿ, ನೀರು ನಿಲ್ಲದಿರಲಿ,
ಕುಡಿ ಬಂದಾಗ ಬಲಕ್ಕೇ ಸುತ್ತಿ, ಅದು ಬಲಗೊಂಡೇ ಏರುವ ಬಳ್ಳಿ,
ಎಡಕ್ಕೆ ಸುತ್ತಿದರೆ ಬೆಳಗಾಗುವಷ್ಟರಲ್ಲಿ ಬಿಚ್ಚಿಕೊಂಡಿರುತ್ತದೆ.
ಒಂದೊಂದು ಮಾತಿಗೂ ಹೂಂ ಅಂದ.
ಹೊಸದಾಗಿ ಕೇಳುವವನ ಹಾಗೆ ಹೂಂ ಅಂದ.

ನಾನು ಆರಿಸಿಕೊಟ್ಟ ದಪ್ಪನೆಯ ತುಂಡನ್ನು
ಮೆಲ್ಲಗೆ ಪಕ್ಕಕ್ಕಿಟ್ಟು
ನೋಡದೆಯೇ ಕೈ ಹಾಕಿದ ಹೊಟ್ಟಿನೊಳಗೆ.
ಒಂದು ತುಂಡು ಬಂತು, ಡೊಂಕು, ಬಡಕಲು.
ಉಗುರಿನಲ್ಲಿ ಗೀರಿದ. ಬಿಳಿ.
ಮೂಗಿಗೆ ಹಿಡಿದ. ಕಣ್ಣು ಮುಚ್ಚಲಿಲ್ಲ.
"ಇದಕ್ಕೆ ಹಸಿವಿದೆ," ಅಂದ.

ಮನೆಯಲ್ಲೇ ಕಾಯಿಸುತ್ತೀರಾ ಬಿಯರು?
"ಕುಡಿಯೋದು ಬಿಟ್ಟು ಹನ್ನೊಂದು ವರ್ಷ.
ಪಡುವಣ ಕಿಟಕಿಗೆ ನೆರಳಿಲ್ಲ."
ಸ್ವಲ್ಪ ಹೊತ್ತಾದ ಮೇಲೆ, ಯಾರನ್ನೂ ನೋಡದೆ:
"ಆಗೆಲ್ಲ ಸೆಪ್ಟೆಂಬರಿನಲ್ಲಿ ಎಷ್ಟು ತೊಳೆದರೂ
ಕೈಯಿಂದ ಆ ಜಿಗುಟು ವಾಸನೆ ಹೋಗುತ್ತಿರಲಿಲ್ಲ.
ಹೋದಮೇಲೆ ನಿದ್ದೆ ಸರಿಯಾಗಿಲ್ಲ."

ಹುರಿ ಇದೆಯಾ, ಅಂದ.
ತೆಂಗಿನ ನಾರಿನ ಹುರಿ;
ನಾನು ಕಾಣದ ಯಾವುದೋ ದ್ವೀಪದಲ್ಲಿ ಹೊಸೆದು
ಹಡಗಿನಲ್ಲಿ ಬರುತ್ತದೆ, ಕಟ್ಟುಕಟ್ಟಾಗಿ.
ಅವನು ತೋಳು ಚಾಚಿ ಮಾರು ಹಾಕಿದ.
ಒಂದು. ಎರಡು. ಮೂರು.
ನಾಲ್ಕನೆಯದು ಗಿಡ್ಡ: ಎಡದ ಭುಜ ಮೇಲೇಳಲೊಲ್ಲದು.
ಇಡೀ ಕಟ್ಟೇ ಒಯ್ಯಿರಿ, ದುಡ್ಡು ಬೇಡ, ಅಂದೆ.
ಅಷ್ಟಕ್ಕೇ ಕತ್ತರಿಸಿದ. ಹುರಿಗೆ ನಾವು ಬೆಲೆ ಬರೆದಿರಲಿಲ್ಲ.
ಒಂದು ಡಾಲರಿನ ನೋಟು ಮೇಜಿನ ಮೇಲಿಟ್ಟು,
ಗಾಳಿಗೆ ಹಾರದಿರಲೆಂದು ಮೇಲೊಂದು ಕಲ್ಲಿಟ್ಟು,
ರಸೀದಿಗೆ ಹೆಸರು ಹೇಳಿದ: ಎವರಿಸ್ತೊ ಸಮುದಿಯೊ.

ಕೇಳಿದ ಹೆಸರಲ್ಲ, ಎಲ್ಲೋ ಓದಿದ್ದು.
ಸಂಜೆ ಅಟ್ಟ ಹತ್ತಿ ಅಜ್ಜ ಒವಿಲಾನ ಕೂಲಿಪುಸ್ತಕ ತೆಗೆದೆ.
ಇತ್ತು. ಕಾಗುಣಿತ ತಪ್ಪಾಗಿ, ಇಪ್ಪತ್ತಾರು ಏಪ್ರಿಲ್‌ಗಳಲ್ಲಿ.
ಟ್ರಕ್ಕಿನ ಅಟ್ಟಣೆಯ ಮೇಲೆ ನಿಂತು
ಹದಿನೆಂಟು ಅಡಿಯ ತಂತಿಗೆ
ನಮ್ಮ ಹೊಲದ ಹುರಿಯನ್ನೆಲ್ಲ ಕಟ್ಟಿದ್ದವನು.
ಒಂದು ಪುಟದಲ್ಲಿ ಅಜ್ಜನ ನೆಟ್ಟನೆ ಅಕ್ಷರ:
ಹುರಿ ಎರಡು ಕಟ್ಟು ಕಮ್ಮಿ. ಸಮುದೊ ಕೂಲಿಯಲ್ಲಿ ಹಿಡಿದಿದೆ.

ಮಾರುವವಳು ನಾನು.
ಮಾರು ಹಾಕಿದವನು ಅವನು.
ಮೇಜು ಒಳಗೆ ತಂದಾಯಿತು, ಉಳಿದ ಬೇರಿಗೆ ನೀರು ಚಿಮುಕಿಸಿಯಾಯಿತು.
ಆ ನೋಟು ಮಾತ್ರ ಕಲ್ಲಿನಡಿಯಲ್ಲೇ ಇದೆ,
ಗಲ್ಲಾಪೆಟ್ಟಿಗೆಗೆ ಹಾಕೋಣವೆಂದರೆ
ಯಾವ ಲೆಕ್ಕಕ್ಕೆ ಬರೆಯಲಿ?