ದೊಡ್ಡದು ಮಾಡಿ ನೋಡಿದಾಗ

ಬೆಟಗೇರಿಯ ಮಗ್ಗದ ಓಣಿ. ಮೂರು ವರ್ಷದ ತುಳಜಾ
ನಗು ಅಂದರೆ ನಗಲಿಲ್ಲ,
ಗಿಲಕಿ ಆಡಿಸಿದರೆ ಗಿಲಕಿಯನ್ನೇ ಕಸಿದುಕೊಂಡಳು.
ಸ್ಟುಡಿಯೋದಿಂದ ಹೊತ್ತು ತಂದ ನೀಲಿ ಪರದೆ ಮಡಚಿಟ್ಟೆ,
ಫ್ಲ್ಯಾಶ್ ಆರಿಸಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ
ಅವಳ ಎತ್ತರಕ್ಕೆ.

ಆಮೇಲೆ ನನ್ನನ್ನು ಮರೆತಳು.
ಲಾಳಿಯಿಂದ ಉದುರಿದ ಕೆಂಪು ನೂಲೊಂದನ್ನು
ಕಾಲ್ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ,
ಗಂಟು ಬಿದ್ದಾಗ ಕೆಳತುಟಿ ಮುಂದೆ ಮಾಡಿ
ತಲೆ ಎತ್ತಿದಳು.
ಅಳು ಇನ್ನೂ ಬಂದಿರಲಿಲ್ಲ. ಕ್ಲಿಕ್.

ರಾತ್ರಿ ಕಂಪ್ಯೂಟರ್ ಮುಂದೆ ಕೂತರೆ
ಕಿವಿಯಲ್ಲಿ ಅವಳಜ್ಜ:
'ಮಾರಿ ಒಂಚೂರು ಬೆಳ್ಳಗ ಮಾಡ್ರಿ,
ಸುಂಬಳ ತಗೀರಿ,
ಹಣೀ ಮ್ಯಾಲಿನ ಕಲಿ ಕಾಣಬಾರದು ನೋಡ್ರಿ.'

ಸುಂಬಳ ತೆಗೆದೆ.
ಕಲೆಯ ಮೇಲೆ ಬ್ರಶ್ ಇಟ್ಟು ಕೈ ಹಿಂತೆಗೆದೆ:
ಎಲ್ಲಿ ಬಿದ್ದಿದ್ದಳೋ, ಯಾರು ಓಡಿ ಬಂದು
ಅರಿಶಿಣ ಒತ್ತಿದ್ದರೋ.
ಬಣ್ಣದ ತಂಟೆಗೆ ಹೋಗಲಿಲ್ಲ.

ಕಣ್ಣಗುಡ್ಡೆಯಲ್ಲೊಂದು ಬಿಳಿ ಚುಕ್ಕೆ. ಧೂಳೆಂದು
ದೊಡ್ಡದು ಮಾಡಿದೆ. ಇನ್ನೂ ದೊಡ್ಡದು.
ಬಾಗಿಲ ಬೆಳಕು. ಅದರ ಅಂಚಿಗೆ
ಸಾಸಿವೆಯಷ್ಟೂ ಇಲ್ಲದ ಒಬ್ಬ ಹೆಂಗಸು,
ಮಗ್ಗದ ಕುಣಿಯಿಂದ ಅರ್ಧ ಎದ್ದು
ಎರಡೂ ಕೈ ಚಾಚಿದ್ದಾಳೆ.

'ನಂದು ಬ್ಯಾಡ್ರಿ, ಸೀರಿ ಹಳೇದೈತಿ' ಅಂದಿದ್ದಳು,
ಮಡಿಲ ತುಂಬ ಹೊಸ ಸೀರೆಯ ಸೆರಗು ಬೆಳೆಯುತ್ತಿರುವಾಗ.

ಹಾಗೇ ಉಳಿಸಿದೆ.
ಪ್ರಿಂಟಿನಲ್ಲಿ ಅದು ಬರೀ ಚುಕ್ಕೆ.
ಅಜ್ಜ ಕಿಟಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದ,
'ಹಂಗ ಕರ್ರಗ ಐತೆಲ್ಲಪಾ' ಅಂದ,
ಐವತ್ತು ರೂಪಾಯಿ ಮುರಿದುಕೊಂಡ.